ಗುಂಜಿಯ ಹದಿನಾಲ್ಕು ಕುರಿಗಳು

ಗುಂಜಿಯ ಭರಮಪ್ಪ ಬೆಳಗಾವಿಗೆ ಹೋಗಿ ಪಿವಟ್ ಟೇಬಲ್ ಕಲಿತು ಬಂದ ಸುದ್ದಿ, ಅವನು ರೈಲು ಇಳಿಯುವ ಮೊದಲೇ ಊರು ಮುಟ್ಟಿತ್ತು. ಮುಟ್ಟಿಸಿದವನು ಅವನೇ. ಗಾಡಿ ಖಾನಾಪುರ ಬಿಟ್ಟಿದ್ದೇ ತಡ, ಫೋನ್ ತೆಗೆದು ಮೂರು ಮನೆಗಳಿಗೆ ಸುದ್ದಿ ಹೇಳಿದ್ದ. ಉಳಿದ ಮನೆಗಳಿಗೆ ಆ ಮೂರು ಮನೆಯವರು ಹೇಳುತ್ತಾರೆಂಬುದು ಅವನಿಗೆ ಗೊತ್ತಿತ್ತು.

ಭರಮಪ್ಪನಿಗೆ ಅರವತ್ತೆರಡು ವರ್ಷ. ಸಾಲಿ ಮೂರನೆಯ ಇಯತ್ತೆಗೇ ಮುಗಿದಿತ್ತು. ಆದರೆ ಯಾರ ಹಿಂಡಿನ ಯಾವ ಕುರಿ ಯಾವ ವರ್ಷ ಅವಳಿ ಮರಿ ಹಾಕಿತು, ಆ ಮರಿಯ ಮರಿ ಯಾರ ಮನೆಗೆ ಹೋಯಿತು ಎಂಬುದನ್ನೆಲ್ಲ ಕೂತಲ್ಲೇ ಹೇಳುತ್ತಿದ್ದ. ‘ಮೈಲಾರಲಿಂಗ ಕುರಿ ಸಾಕಣೆದಾರರ ಸಂಘ’ದ ಗುಂಜಿ ಚಿಕಿತ್ಸಾ ಕೇಂದ್ರದಲ್ಲಿ ಅವನಿಗೆ ನೌಕರಿ. ಕೇಂದ್ರವೆಂದರೆ ಒಂದು ಖೋಲಿ, ಒಂದು ಬೋರ್ಡು, ಔಷಧಿ ಇಡುವ ಒಂದು ಫ್ರಿಜ್ಜು. ಮಂಗಳವಾರಕ್ಕೊಮ್ಮೆ ಡಾಕ್ಟರು ಬರುತ್ತಿದ್ದರು. ಅವರು ಸೂಜಿ ಚುಚ್ಚುವಾಗ ಕುರಿಯ ಕಾಲು ಹಿಡಿಯುವುದು, ಉಳಿದ ಆರು ದಿನ ಫ್ರಿಜ್ಜು ಬಂದ್ ಆಗದಂತೆ ಕಾಯುವುದು ಭರಮಪ್ಪನ ಕೆಲಸ. ಪ್ರತಿ ಕೇಂದ್ರದಿಂದ ಒಬ್ಬ ಸಿಬ್ಬಂದಿ ಕಂಪ್ಯೂಟರ್ ತರಬೇತಿಗೆ ಬರಬೇಕೆಂದು ಬೆಳಗಾವಿಯ ಮುಖ್ಯ ಕಚೇರಿಯಿಂದ ಪತ್ರ ಬಂದಾಗ, ಯಾರನ್ನು ಕಳಿಸಬೇಕೆಂಬ ಚರ್ಚೆಯೇ ಆಗಲಿಲ್ಲ. ಗುಂಜಿ ಕೇಂದ್ರದಲ್ಲಿದ್ದ ಸಿಬ್ಬಂದಿಯೇ ಒಬ್ಬ.

ತರಬೇತಿಯಲ್ಲಿ ಪೂರ್ಣಿಮಾ ಎಂಬ ಹುಡುಗಿ ಗೋಡೆಯ ಮೇಲೆ ಲೆಕ್ಕದ ಐದು ಸಾವಿರ ಸಾಲು ತೋರಿಸಿ, ಮೌಸಿನಿಂದ ‘ಊರು’ ಎಂಬುದನ್ನು ಒಂದು ಕಡೆ, ‘ಕುರಿ’ ಎಂಬುದನ್ನು ಇನ್ನೊಂದು ಕಡೆ ಎಳೆದು ಬಿಟ್ಟಳು. ಐದು ಸಾವಿರ ಸಾಲು ಮಾಯವಾಗಿ ಅಂಗೈಯಗಲದ ಒಂದು ಪಟ್ಟಿ ನಿಂತಿತು. ಈ ಊರಿಗೆ ಇಷ್ಟು, ಆ ಊರಿಗೆ ಇಷ್ಟು, ಕೆಳಗೆ ಒಟ್ಟು. ಭರಮಪ್ಪ ಮುಂಡಾಸು ತೆಗೆದು ತೊಡೆಯ ಮೇಲಿಟ್ಟುಕೊಂಡ. ಮಧ್ಯಾಹ್ನ ಅವನ ಕೈಗೂ ಒಮ್ಮೆ ಮೌಸು ಬಂತು. ಅವನು ಎಳೆದ ರಭಸಕ್ಕೆ ಪಟ್ಟಿಯೂ ಹೋಯಿತು, ಸಾಲುಗಳೂ ಹೋದವು. ಪೂರ್ಣಿಮಾ ಎರಡನ್ನೂ ತಿರುಗಿ ತಂದಳು. ಸಂಜೆ ಫೋಟೊ ಅಂಟಿಸಿದ ಪ್ರಮಾಣಪತ್ರ ಕೊಟ್ಟರು.

ಸ್ಟೇಷನ್ ಬಾಜುವಿನ ಚಹಾದಂಗಡಿಯಲ್ಲಿ ಸಾತಪ್ಪ ಕಾದು ಕೂತಿದ್ದ. ಗುಂಜಿಯಲ್ಲಿ ಎಲ್ಲರಿಗಿಂತ ದೊಡ್ಡ ಹಿಂಡು ಅವನದು. ಸಣ್ಣಂದಿನಿಂದ ಭರಮಪ್ಪನ ಜೋಡಿ.

“ಏನ ಕಲ್ತ ಬಂದ್ಯೋ ಭರಮ್ಯಾ?”

“ಪಿವಟ್ ಟೇಬಲ್.”

“ಅದೇನ ಮಾಡ್ತೈತಿ?”

“ಈಗ ನೋಡು, ತಾಲೂಕಿನಾಗ ಕುರಿ ಎಷ್ಟ ಅದಾವು ಅಂತ ನೀ ಎಣಿಸಾಕ ಹ್ವಾದಿ ಅಂದ್ರ ಒಂದ ವರ್ಷ ಬೇಕು. ಅಷ್ಟರಾಗ ಅರ್ಧಾ ಸತ್ತಿರತಾವು, ಅರ್ಧಾ ಈದಿರತಾವು. ಇದು ಕಣ್ಣ ಮುಚ್ಚಿ ತಗಿಯೂದ್ರೊಳಗ ಹೇಳ್ತೈತಿ.”

“ಅದು ಕುರಿ ನೋಡ್ತೈತೇನು?”

“ನೋಡೂದಿಲ್ಲ.”

“ನೋಡಲಾರದ ಹೆಂಗ ಎಣಸ್ತೈತೋ?”

ಈ ಪ್ರಶ್ನೆಗೆ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ಭರಮಪ್ಪ ಚಹಾ ಕುಡಿದ.

ಎಂಟು ದಿನಕ್ಕೆ ಒಂದು ಲ್ಯಾಪ್‌ಟಾಪು ಬಂತು. ಎಲ್ಲ ಕೇಂದ್ರದವರೂ ತಮ್ಮ ತಮ್ಮ ಊರಿನ ಕುರಿ ಲೆಕ್ಕವನ್ನು ಒಂದೇ ಹಾಳೆಯಲ್ಲಿ ತುಂಬಬೇಕು, ಅದರ ಮೇಲೆ ಮುಖ್ಯ ಕಚೇರಿ ಪಿವಟ್ ಟೇಬಲ್ ಮಾಡಿ ಯಾವ ಊರಿಗೆ ಎಷ್ಟು ಲಸಿಕೆ ಎಂದು ತೀರ್ಮಾನಿಸುತ್ತದೆ. ಭರಮಪ್ಪ ಜಳಕ ಮಾಡಿ, ಹಣೆಗೆ ದೇವರ ಅರಿಸಿನ ಭಂಡಾರ ಹಚ್ಚಿಕೊಂಡು ಕೂತ. ಗುಂಜಿಯ ಹದಿನಾಲ್ಕು ಕುರುಬರ ಮನೆಯವರು ಒಬ್ಬೊಬ್ಬರಾಗಿ ಬಂದು ಕಂಬಳಿಯ ಮೇಲೆ ಕುಳಿತರು.

ಇಲ್ಲಿ ಒಂದು ಮಾತು ಹೇಳಬೇಕು. ಕುರುಬರು ಹಿಂಡನ್ನು ಎಣಿಸುವಾಗ ಒಂದು ಕುರಿಯನ್ನು ಬಿಟ್ಟೇ ಎಣಿಸುತ್ತಾರೆ. ಅದು ದೇವರದು. ಅದಕ್ಕೆ ಗುರುತಿಲ್ಲ, ಹಗ್ಗವಿಲ್ಲ, ಯಾವುದು ಎಂದು ಯಾರೂ ಬೆರಳು ಮಾಡುವುದಿಲ್ಲ. ಪೂರಾ ಎಣಿಸಿದವನ ಹಿಂಡಿಗೆ ದೃಷ್ಟಿಯಾಗುತ್ತದೆಂದು ಇವರ ಹಿರಿಯರು ಹೇಳಿದ್ದು. ಹೀಗಾಗಿ ಸಾತಪ್ಪ ತನ್ನ ಲೆಕ್ಕವನ್ನು ಹೇಳಿದ್ದು ಹೀಗೆ:

“ನೂರಾ ಎಪ್ಪತ್ತೊಂಬತ್ತು, ದೇವರದೊಂದು ಬಿಟ್ಟು. ಹೇಳಿದ್ದ ಹೇಳಿದಂಗ ಬರೀತಿ ಹೌದಿಲ್ಲೋ?”

“ಭಂಡಾರ ಮುಟ್ಟಿ ಹೇಳ್ತೀನಿ. ಒಂದ ಅಕ್ಷರ ಬಿಡೂದಿಲ್ಲ.”

ಬಿಡಲಿಲ್ಲ. ಹದಿನಾಲ್ಕು ಮನೆಗೂ ಸಂಖ್ಯೆ ಒತ್ತಿ, ಅದರ ಬಾಜುವಿಗೇ, ಅದೇ ಚೌಕದಲ್ಲಿ, ‘ದೇವರದೊಂದು ಬಿಟ್ಟು’ ಎಂದು ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತಿದ. ಮೂರು ದಿನ ಹಿಡಿಯಿತು.

“ಮೂರ ದಿನಕ್ಕ ಹದಿನಾಕ ಸಾಲು,” ಎಂದಳು ಹೆಂಡತಿ ಮಾಯಕ್ಕ. “ಅಷ್ಟೊತ್ತಿಗೆ ನಾ ಒಂದ ಕಂಬಳಿ ಉಣ್ಣಿ ನೂತ ಒಗೀತಿದ್ನಿ.”

“ನಿನ್ನ ಉಣ್ಣಿ ಬೆಳಗಾವಿ ಮಟಾ ಹೋಗೂದಿಲ್ಲ. ಇದು ಒಂದ ಗುಂಡಿ ಒತ್ತಿದ್ರ ಹೋಗ್ತೈತಿ.”

ಹೋಯಿತು. ಹದಿನೈದು ದಿನಕ್ಕೆ ಅದರ ಫಲವೂ ಬಂತು. ಬರ್ಫ ತುಂಬಿದ ಒಂದು ಡಬ್ಬಿ, ಜೊತೆಗೆ ಒಂದು ಪತ್ರ. ಡಬ್ಬಿಯಲ್ಲಿ ಹದಿನಾಲ್ಕು ಕುರಿಗಳಿಗೆ ಸಾಲುವಷ್ಟು ಲಸಿಕೆ. ಪತ್ರದಲ್ಲಿ ಹೀಗಿತ್ತು: ‘ಪಿವಟ್ ಟೇಬಲ್ ಪ್ರಕಾರ ಗುಂಜಿಯಲ್ಲಿರುವ ಒಟ್ಟು ಕುರಿಗಳು 14. ಬೆಳಗಾವಿ ನೆಹರು ನಗರದ ಹಿಂದಿನ ಓಣಿಯಲ್ಲಿರುವ ಆಡು-ಕುರಿಗಳು 61. ಆದ್ದರಿಂದ ಗುಂಜಿ ಕೇಂದ್ರವನ್ನು ಫ್ರಿಜ್ಜು ಸಮೇತ ನೆಹರು ನಗರಕ್ಕೆ ಸ್ಥಳಾಂತರಿಸಲಾಗುವುದು. ಬರುವ ಗುರುವಾರ ಟೆಂಪೊ ಬರುತ್ತದೆ. ಸಹಕರಿಸತಕ್ಕದ್ದು.’

ಊರು ಸಹಕರಿಸಲಿಲ್ಲ. ಇನ್ನು ಹದಿನೈದು ದಿನದಲ್ಲಿ ಮಳೆ ಹಿಡಿಯುತ್ತದೆ; ಅದಕ್ಕಿಂತ ಮೊದಲು ಹಿಂಡುಗಳು ಮೂಡಲ ಸೀಮೆಗೆ ಹೊರಡಬೇಕು; ಹೊರಡುವ ಮುಂಚೆ ಪ್ರತಿ ಕುರಿಗೂ ಸೂಜಿ ಬೀಳಬೇಕು. ಈ ಕೇಂದ್ರ ಇಲ್ಲದ ಕಾಲದಲ್ಲಿ, ಮೂವತ್ತೊಂದು ವರ್ಷದ ಹಿಂದೆ, ಒಂದೇ ವಾರದಲ್ಲಿ ಸಾತಪ್ಪನ ಅಪ್ಪನ ಎಂಬತ್ತಾರು ಕುರಿ ಹೊಟ್ಟೆ ಉಬ್ಬಿ ಸತ್ತಿದ್ದು ಭರಮಪ್ಪನಿಗೆ ಇನ್ನೂ ನೆನಪಿತ್ತು. ಯಾವ ಕುರಿ ಮೊದಲು ಬಿತ್ತು ಎಂಬುದೂ ನೆನಪಿತ್ತು.

ಸಾತಪ್ಪ ಪತ್ರ ಓದಿಸಿ ಕೇಳಿ, ಕೋಲು ಊರಿ ನಿಂತ.

“ಹದಿನಾಕ ಮನಿ, ಹದಿನಾಕ ಕುರಿ. ಅಂದ್ರ ನನ್ನ ಪಾಲಿಗೆ ಒಂದ ಬಂತು. ಭರಮ್ಯಾ, ಉಳಿದ ನೂರಾ ಎಪ್ಪತ್ತೆಂಟು ಎಲ್ಲಿ ಹ್ವಾದುವು?”

“ಅಲ್ಲೇ ನಿನ್ನ ಹಟ್ಟ್ಯಾಗ ಅದಾವಲ್ಲೋ.”

“ಹಟ್ಟ್ಯಾಗ ಅದಾವು. ನಿನ್ನ ಟೇಬಲ್ ಮ್ಯಾಲ ಇಲ್ಲ. ನಲವತ್ತ ವರ್ಷ ತೋಳ ಬಂದ್ರೂ ಒಂದ ರಾತ್ರ್ಯಾಗ ಇಷ್ಟ ತಿಂದಿದ್ದಿಲ್ಲ. ನೀ ಒಂದ ಬೆರಳಿಲೆ ತಿಂದಿ!”

ಅಂದಿನಿಂದ ಭರಮಪ್ಪ ಓಣಿಯಲ್ಲಿ ಕಾಲಿಟ್ಟರೆ ಕುರಿ ಮರೆಮಾಡುವ ನಾಟಕ ಶುರುವಾಯಿತು. ನೀರಿಗೆ ಬಂದ ಹೆಂಗಸರು, “ಭರಮಣ್ಣ ಬಂದಾ, ಮರಿ ಒಳಗ ಹಾಕ್ರೇ, ನೋಡಿದ್ರ ಕಮ್ಮಿ ಆಗ್ತಾವು,” ಎಂದು ಕೂಗಿದರು. ಮಾಯಕ್ಕ ಗೋಡೆಯ ಮೇಲಿನ ಪ್ರಮಾಣಪತ್ರವನ್ನು ಮುಖ ಒಳಗಾಗುವಂತೆ ತಿರುವಿ ಹಾಕಿದಳು.

“ಹೋಗಿ ಕೇಳಿ ಬರ್ರಿ,” ಎಂದಳು. “ಕಲ್ಸಿದವರನ್ನ ಕೇಳ್ರಿ.”

ಭರಮಪ್ಪ ಬುಧವಾರ ಬೆಳಗಿನ ಗಾಡಿಗೆ ಬೆಳಗಾವಿಗೆ ಹೋದ.

ಸಂಘದ ಕಾರ್ಯದರ್ಶಿ ಗುರುಪುತ್ರಪ್ಪನವರು ಇಸ್ತ್ರಿ ಮುರಿಯದ ಬಿಳಿ ಅಂಗಿಯ ಮನುಷ್ಯರು. ಪಿವಟ್ ಟೇಬಲ್ ಬಂದಂದಿನಿಂದ ಅವರು ಹಳ್ಳಿಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ಹಳ್ಳಿಗಳೇ ಮೇಜಿನ ಮೇಲೆ ಬಂದಿರುವಾಗ ಧೂಳು ಯಾಕೆ ತಿನ್ನಬೇಕು ಎಂಬುದು ಅವರ ವಾದ. ನೆಹರು ನಗರದ ಅರವತ್ತೊಂದರಲ್ಲಿ ಒಂದು ಆಡು ಅವರ ಅಳಿಯನ ಮನೆಯದು ಎಂಬುದಕ್ಕೂ ಈ ತೀರ್ಮಾನಕ್ಕೂ ಸಂಬಂಧವಿಲ್ಲವೆಂದು ಅವರು ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

“ಕುಂದರ್ರಿ ಭರಮಪ್ಪ. ಏನ ತಕರಾರು?”

“ಸಾಹೇಬ್ರ, ಗುಂಜ್ಯಾಗ ಕುರಿ ಹದಿನಾಕಲ್ರೀ. ಸಾವಿರದ ಆರನೂರಾ ಹನ್ನೆರಡು ಅದಾವು.”

“ಯಾರ ಹೇಳಿದ್ರು?”

“ನಾ ನೋಡೀನ್ರೀ.”

“ನೀವು ನೋಡೀರಿ. ಆದ್ರ ಕಂಪ್ಯೂಟರ್ ಲೆಕ್ಕಾ ಮಾಡೈತಿ,” ಎಂದು ಅವರು ಮಕ್ಕಳಿಗೆ ತಿಳಿಹೇಳುವಂತೆ ಹೇಳಿ, “ಪೂರ್ಣಿಮಾ, ಇವರಿಗೆ ತೋರಸವ್ವಾ,” ಎಂದರು.

ಪೂರ್ಣಿಮಾ ಪಟ್ಟಿ ತೆರೆದಳು. ನೋಡಿದಳು. ಮತ್ತೆ ನೋಡಿದಳು. ಅವಳ ಕಿವಿ ಕೆಂಪಾಯಿತು.

“ಸರ್, ಇದು ತಪ್ಪೈತ್ರೀ. ಇದು ಕುರಿ ಕೂಡಿಸಿಲ್ಲ, ಸಾಲ ಎಣಿಸೈತಿ. ಒಂದ ಮನಿಗೆ ಒಂದ ಸಾಲು. ಗುಂಜ್ಯಾಗ ಹದಿನಾಕ ಮನಿ, ಅದಕ್ಕ ಹದಿನಾಕು. ನೆಹರು ನಗರದಾಗ ಅರವತ್ತೊಂದ ಮನಿಗೆ ಒಂದೋ ಎರಡೋ ಆಡು ಕಟ್ಯಾರ, ಅದಕ್ಕ ಅರವತ್ತೊಂದು.”

“ಹಂಗ್ಯಾಕ ಮಾಡ್ತು?”

“ಸಂಖ್ಯೆ ಇರೂ ಕಾಲಂದಾಗ ಯಾರರೆ ಅಕ್ಷರ ಬರದ್ರ ಅದು ಕೂಡಿಸೂದ ಬಿಟ್ಟು ಸಾಲ ಎಣಿಸಾಕ ಹತ್ತತೈತ್ರೀ. ನಾ ನೋಡಬೇಕಾಗಿತ್ತು. ಈಗ ಕೂಡಿಸು ಅಂತ ಹೇಳ್ತೀನಿ, ತಡೀರಿ.”

ಅವಳು ಒಂದು ಕಡೆ ಒತ್ತಿ ‘ಮೊತ್ತ’ ಎಂದು ಆರಿಸಿದಳು. ಉಳಿದ ಊರುಗಳ ಲೆಕ್ಕ ನೂರು, ಸಾವಿರ ಎಂದು ಮೇಲೆದ್ದಿತು. ನೆಹರು ನಗರ ಎಪ್ಪತ್ತಮೂರಕ್ಕೆ ನಿಂತಿತು. ಮೂವರೂ ಗುಂಜಿಯ ಸಾಲಿಗೆ ಕಣ್ಣು ಹಾಯಿಸಿದರು.

ಗುಂಜಿ: 0.

“ಹದಿನಾಕರೆ ಇದ್ದುವಲ್ಲವ್ವಾ,” ಎಂದ ಭರಮಪ್ಪ. “ಅವನ್ನೂ ಕಳದ್ಯಾ?”

“ಕಾಕಾ, ನೀವ ಚೌಕದಾಗ ಸಂಖ್ಯೆ ಜೋಡಿ ‘ದೇವರದೊಂದು ಬಿಟ್ಟು’ ಅಂತ ಬರದೀರಲ್ಲಾ, ಅದಕ್ಕ ಮಷೀನು ಅದನ್ನ ಸಂಖ್ಯೆ ಅಂತ ತಿಳೀವಲ್ದು. ಆ ಮಾತ ಅಳಸಿಬಿಟ್ರ ಆತು. ಎರಡ ಮಿನಿಟು.”

“ಅಳಸೂದಿಲ್ಲ.”

“ನಾ ಅಳಸ್ತೀನಿ, ನೀವ ಸುಮ್ಮ ಕುಂದರ್ರಿ.”

“ನೀನೂ ಅಳಸಬ್ಯಾಡವ್ವಾ. ಹದಿನಾಕ ಮಂದಿ ಕಂಬಳಿ ಮ್ಯಾಲ ಕುಂತು ಹೇಳ್ಯಾರ, ನಾ ಭಂಡಾರ ಮುಟ್ಟಿ ಬರದೀನಿ. ಆ ಮಾತ ಇರಲಾರದ ಆ ಸಂಖ್ಯೆ ಸುಳ್ಳು. ನೂರಾ ಎಪ್ಪತ್ತೊಂಬತ್ತು ಅಂತ ಬರೇ ಬರದ್ರ, ಸಾತ್ಯಾ ಒಂದ ಕುರಿ ಮುಚ್ಚಿಟ್ಟಂಗ ಆತು. ನೂರಾ ಎಂಬತ್ತು ಅಂತ ಬರದ್ರ, ದೇವರದನ್ನ ಎಣಿಸಿದಂಗ ಆತು. ನಿಮ್ಮ ಮಷೀನಿಗೆ ದೇವರು ತಿಳೀವಲ್ಲ ಅಂದ್ರ ಅದನ್ನ ತರಬೇತಿಗೆ ಕಳಸ್ರಿ. ನಾ ಹೋಗಿ ಬಂದೀನಿ.”

ಪೂರ್ಣಿಮಾ ಬಾಯಿ ತೆರೆಯುವಷ್ಟರಲ್ಲಿ ಗುರುಪುತ್ರಪ್ಪನವರು ಕೈ ಎತ್ತಿದರು. ಅವರ ಮುಖದಲ್ಲಿ ಸಮಾಧಾನ ಮೂಡಿತ್ತು. ಹದಿನಾಲ್ಕು ಕುರಿಯಿರುವ ಕೇಂದ್ರವನ್ನು ಮುಚ್ಚಿದರೆ ನಾಳೆ ಯಾರಾದರೂ ಕೇಳಬಹುದು. ಸೊನ್ನೆ ಕುರಿಯ ಕೇಂದ್ರವನ್ನು ಮುಚ್ಚಿದರೆ ಕೇಳುವವರಾರು?

“ಎಣಿಸಿದ್ರೂ ಕಡಿಮಿ, ಕೂಡಿಸಿದ್ರೂ ಕಡಿಮಿ. ಕಂಪ್ಯೂಟರ್ ಎರಡ ಸಲಾ ಹೇಳೈತಿ. ನೆಹರು ನಗರದ ಮಂದಿಗೆ ನಾ ಮಾತ ಕೊಟ್ಟಾಗೈತಿ. ನಾಳೆ ಟೆಂಪೊ ಬರ್ತೈತಿ. ನಾನೂ ಬರ್ತೀನಿ.”

“ಬರ್ರಿ ಸಾಹೇಬ್ರ,” ಎಂದ ಭರಮಪ್ಪ ಎದ್ದು. “ನಮ್ಮೂರಿಗೆ ಬಂದ ಭಾಳ ವರ್ಷ ಆತು. ನೀವ ಕಡೀಗೆ ಬಂದಾಗ ಕೇಂದ್ರದ ಬೋರ್ಡಿಗೆ ಇನ್ನೂ ಬಣ್ಣಾ ಹಚ್ಚಿದ್ದಿಲ್ಲ.”

ಗುರುವಾರ ಹತ್ತು ಗಂಟೆಗೆ ಟೆಂಪೊ ಬಂತು. ಹಿಂದೆ ಜೀಪಿನಲ್ಲಿ ಗುರುಪುತ್ರಪ್ಪನವರು, ಅವರ ಬಾಜು ಲ್ಯಾಪ್‌ಟಾಪು ಮಡಿಲಲ್ಲಿಟ್ಟುಕೊಂಡ ಪೂರ್ಣಿಮಾ. ಊರಲ್ಲಿ ಒಂದು ಕುರಿಯೂ ಕಾಣಲಿಲ್ಲ. ಭರಮಪ್ಪ ತಾನೇ ಕೀಲಿ ತೆಗೆದುಕೊಟ್ಟ. ಫ್ರಿಜ್ಜನ್ನು ಹೇಗೆ ಓರೆ ಮಾಡಬಾರದು ಎಂಬುದನ್ನೂ ಹಮಾಲರಿಗೆ ಹೇಳಿಕೊಟ್ಟ. ಇಷ್ಟು ಸಹಕಾರ ಕಂಡು ಗುರುಪುತ್ರಪ್ಪನವರಿಗೆ ಒಳಗೊಳಗೇ ಅಳುಕಾಯಿತು. ಫ್ರಿಜ್ಜು ಟೆಂಪೊ ಏರಿತು. ಟೆಂಪೊ ಹೊರಟು, ಊರ ಕೊನೆಯ ತಿರುವು ದಾಟಿ, ನಿಂತಿತು.

ಮುಂದೆ ರಸ್ತೆ ಇರಲಿಲ್ಲ. ಕುರಿ ಇದ್ದವು. ಈ ಅಂಚಿನಿಂದ ಆ ಅಂಚಿಗೆ, ತಿರುವಿನಿಂದ ಆಚೆಯ ಕಾಡಿನ ತುದಿಯವರೆಗೆ, ಕರಿಯ, ಬಿಳಿಯ, ಕಂದು ಬೆನ್ನುಗಳು. ಅವುಗಳ ನಡುವೆ ಅಲ್ಲಲ್ಲಿ ಮುಂಡಾಸುಗಳು.

ಟೆಂಪೊ ಚಾಲಕ ಖಾನಾಪುರದ ಕಡೆಯ ಮರಾಠಿ ಮನುಷ್ಯ. ಹಾರ್ನ್ ಹೊಡೆದು ಸಾಕಾಗಿ, ತಲೆ ಹೊರಗೆ ಹಾಕಿ ದಾರಿ ಬಿಡಿರೆಂದು ಕೂಗಿದ.

“ಅಹೋ ಮಾಮಾ, ರಸ್ತಾ ಸೋಡಾ ನಾ!”

“ರಸ್ತಾ ಖಾಲಿ ಐತಲ್ಲೋ ತಮ್ಮಾ,” ಎಂದ ಭರಮಪ್ಪ. “ಹೋಗು.”

ಗುರುಪುತ್ರಪ್ಪನವರು ಜೀಪಿನಿಂದ ಇಳಿದರು. ಒಂದು ಟಗರು ಬಂದು ಅವರ ಅಂಗಿ ಮೂಸಿತು.

“ಏನಿದು ಭರಮಪ್ಪ? ಇವನ್ನ ಸರಸ್ರಿ!”

“ಯಾವೂನ್ರೀ?”

“ಈ ಕುರಿ!”

“ಕುರಿ ಎಲ್ಲಿ ಅದಾವ್ರೀ ಸಾಹೇಬ್ರ? ನಿನ್ನಿ ನಿಮ್ಮ ಮುಂದ ನೋಡೇವಲ್ಲಾ, ಗುಂಜಿ ಸೊನ್ನಿ. ಸೊನ್ನಿ ಮ್ಯಾಲ ಗಾಡಿ ಹಾಯಿಸಾಕ ಏನ ಅಂಜಿಕಿ? ಹೊಡೀರಿ ಹೇಳ್ರಿ.”

“ಹುಡಗಾಟ ಮಾಡಬ್ಯಾಡ್ರಿ!”

“ಮನ್ನಿ ಹದಿನಾಕ ಇದ್ದುವು. ಹಂಗ ಅಂದ್ರೂ ಹದಿನಾಕ ಕುರಿಗೆ ಒಂದ ಟೆಂಪೊ ನಿಲ್ತೈತೇನ್ರೀ? ಬಾಜು ತಗದ ಹೋಗೂದು,” ಎಂದು ಸಾತಪ್ಪ ಹಿಂಡಿನ ನಡುವಿನಿಂದ ಕೂಗಿದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಮಾಯಕ್ಕ ಇಟ್ಟುಕೊಳ್ಳಲಿಲ್ಲ. ಬಾಯಿ ತುಂಬ ನಕ್ಕಳು.

ಗುರುಪುತ್ರಪ್ಪನವರು ಬೆವರು ಒರೆಸಿಕೊಂಡು, ಹಠಕ್ಕೆ ಬಿದ್ದವರಂತೆ, “ಹಂಗಾರ ನಾನ ಎಣಸ್ತೀನಿ. ಇಲ್ಲೇ, ಎಲ್ಲಾರ ಮುಂದ. ಒಂದ ತಪ್ಪಿದ್ರೂ ಫ್ರಿಜ್ ಹೋಗ್ತೈತಿ,” ಎಂದರು.

ಜೀಪಿಗೂ ಕಲ್ಲುಗೋಡೆಗೂ ನಡುವೆ ಒಂದೊಂದೇ ಕುರಿ ದಾಟುವಷ್ಟು ಸಂದಿ ಬಿಟ್ಟರು. ಮೊದಲು ಸಾತಪ್ಪನ ಹಿಂಡು. ಭರಮಪ್ಪ ಕಣ್ಣು ಮುಚ್ಚಿ, “ನೂರಾ ಎಪ್ಪತ್ತೊಂಬತ್ತು,” ಎಂದ. ಗುರುಪುತ್ರಪ್ಪನವರು ಬೆರಳು ಮಡಚುತ್ತ ಎಣಿಸಿದರು. ಕೊನೆಯ ಕುರಿ ದಾಟಿದಾಗ ಅವರು ಕುಣಿಯುವುದೊಂದು ಬಾಕಿ.

“ನೂರಾ ಎಂಬತ್ತು! ಒಂದ ತಪ್ಪೈತಿ!”

ಸಾತಪ್ಪ ಮುಂಡಾಸು ತೆಗೆದ.

“ಎಣಿಸಬಾರದ್ದ ಎಣಿಸಿದ್ರಿ,” ಎಂದ. “ಅದೂ ಒದರಿ ಹೇಳಿದ್ರಿ.”

ಎರಡನೆಯ ಹಿಂಡಿಗೆ ಭರಮಪ್ಪ ತೊಂಬತ್ತಾರು ಎಂದ, ತೊಂಬತ್ತೇಳು ದಾಟಿದವು. ಮೂರನೆಯದಕ್ಕೆ ನೂರಾ ನಾಲ್ಕು ಎಂದ. ನೂರಾ ಐದು ದಾಟಿದವು. ಈಗ ಗುರುಪುತ್ರಪ್ಪನವರ ದನಿ ಪಿಸುಗುಟ್ಟುವ ಮಟ್ಟಕ್ಕಿಳಿದಿತ್ತು. ಪೂರ್ಣಿಮಾ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪು ತೆರೆದಿದ್ದಳು.

“ಸರ್, ಸಾಕ ಮಾಡ್ರಿ. ಮನಿಗೊಂದರಂಗ ಹೆಚ್ಚ ಬರಾಕತ್ತಾವು. ಹದಿನಾಕ ಮನಿಗೆ ಹದಿನಾಕು. ನಾವ ಪತ್ರದಾಗ ಬರದ ಕಳಿಸಿದ್ದೂ ಹದಿನಾಕ. ಇವರು ಯಾವನ್ನ ಎಣಿಸಬಾರದು ಅಂದಾರೋ, ನಮ್ಮ ಪಿವಟ್ ಟೇಬಲ್ ಅವನ್ನಷ್ಟ ಎಣಿಸಿತ್ತು.”

ಗುರುಪುತ್ರಪ್ಪನವರ ಮುಖ ಅರಳಿತು. “ಅಂದ್ರ ಕಂಪ್ಯೂಟರ್ ತಪ್ಪಿಲ್ಲ!”

“ಇಲ್ರೀ ಸಾಹೇಬ್ರ,” ಎಂದ ಭರಮಪ್ಪ ತಾಳ್ಮೆಯಿಂದ. “ದೇವರ ಕುರಿಗೆ ಲಸಿಕಿ ಕಳಿಸೀರಿ, ಪುಣ್ಯಾ ಬಂತು. ಈಗ ಮನಶ್ಯಾರ ಕುರೀದು ಏನ ಮಾಡ್ತೀರಿ?”

ಪೂರ್ಣಿಮಾ ಲ್ಯಾಪ್‌ಟಾಪನ್ನು ಅವನ ಕಡೆ ತಿರುವಿದಳು. “ಕಾಕಾ, ನಿಮ್ಮ ಒಂದ ಅಕ್ಷರಾನೂ ಅಳಸಿಲ್ಲ. ಬಾಜು ‘ಷರಾ’ ಅಂತ ಒಂದ ಹೊಸಾ ಕಾಲಂ ಮಾಡೀನಿ. ಸಂಖ್ಯೆ ಒಂದ ಚೌಕದಾಗ, ದೇವರ ಮಾತು ಮಗ್ಗಲ ಚೌಕದಾಗ. ಒಂದ ಸಾಲಿನಾಗ ಎರಡೂ ಅದಾವು. ಓದಿ ನೋಡ್ರಿ. ನಿನ್ನೇನ ಹೇಳಾಕ ಹೊಂಟಿದ್ನಿ, ಸರ್ ಬಿಡಲಿಲ್ಲ.”

ಭರಮಪ್ಪ ಹದಿನಾಲ್ಕೂ ಸಾಲನ್ನು ಬೆರಳಿಟ್ಟು ಓದಿದ. ಸಾತಪ್ಪನನ್ನು ಕರೆದು ಅವನಿಗೂ ಓದಿ ಹೇಳಿದ. ಸಾತಪ್ಪ ತಲೆ ಆಡಿಸಿದ ಮೇಲೆ, “ಈಗ ಒತ್ತವ್ವಾ,” ಎಂದ. ಅವಳು ಒತ್ತಿದಳು. ಗುಂಜಿ: 1612. ನೆಹರು ನಗರ ಎಪ್ಪತ್ತಮೂರಕ್ಕೇ ಕೂತಿತ್ತು.

“ಆ ಎಪ್ಪತ್ತಮೂರಕ್ಕೂ ಸೂಜಿ ಬೇಕ್ರೀ,” ಎಂದ ಭರಮಪ್ಪ. “ಡಾಕ್ಟರ್‌ನ ಅಲ್ಲಿಗೆ ಕಳಸ್ರಿ, ಬ್ಯಾಡ ಅನ್ನೂದಿಲ್ಲ. ನಮ್ಮ ಫ್ರಿಜ್ ಒಯ್ಯಬ್ಯಾಡ್ರಿ.”

ಗುರುಪುತ್ರಪ್ಪನವರು ಬಾನೆಟ್ಟಿನ ಮೇಲೆ ಕಾಗದ ಇಟ್ಟು ಆದೇಶ ಬರೆದರು: ‘ಗುಂಜಿ ಕೇಂದ್ರದ ಸ್ಥಳಾಂತರವನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ. ಸಾಕಷ್ಟು ಲಸಿಕೆಯನ್ನು ಕೂಡಲೇ ಕಳಿಸಲಾಗುವುದು.’ ಭರಮಪ್ಪ ಅದನ್ನೂ ಬೆರಳಿಟ್ಟು ಓದಿದ. ಬೆರಳು ಒಂದು ಕಡೆ ನಿಂತಿತು.

“‘ಮುಂದಿನ ಆದೇಶದವರೆಗೆ’ ಅನ್ನೂದ ಯಾಕ್ರೀ?”

“ಅದು ಹಂಗ ಬರೀಬೇಕು. ಆಫೀಸಿನ ಪದ್ಧತಿ.”

“ಅಳಸ್ರಿ.”

“ಅಳಸಾಕ ಬರೂದಿಲ್ರೀ. ಮೊದಲಿಂದ ನಡಕೊಂಡ ಬಂದದ್ದು.”

“ನಮ್ಮ ಪದ್ಧತಿ ಎರಡ ಮಿನಿಟಿನಾಗ ಅಳಸು ಅಂದ್ರಿ,” ಎಂದ ಭರಮಪ್ಪ. ದನಿ ಏರಿಸಲಿಲ್ಲ. “ನಿಮ್ಮದಕ್ಕ ಎಷ್ಟ ಮಿನಿಟ್ ಬೇಕ್ರೀ? ತಗೋರಿ. ಕುರಿಗೆ ಗಡಿಬಿಡಿ ಇಲ್ಲ.”

ಕುರಿಗಳಿಗೆ ನಿಜವಾಗಿಯೂ ಗಡಿಬಿಡಿ ಇರಲಿಲ್ಲ. ಅರ್ಧ ಹಿಂಡು ಟೆಂಪೊದ ನೆರಳಲ್ಲಿ ಕೂತು ಮೆಲುಕು ಹಾಕುತ್ತಿತ್ತು. ಗುರುಪುತ್ರಪ್ಪನವರು ಮುಂದೆ ನೋಡಿದರು, ಹಿಂದೆ ನೋಡಿದರು, ಪೆನ್ನಿನ ಮುಚ್ಚಳ ತೆಗೆದು ಆ ಎರಡು ಪದಗಳ ಮೇಲೆ ಗೆರೆ ಎಳೆದು, ಗೆರೆಯ ಬಾಜು ಸಹಿ ಹಾಕಿದರು.

ಹಮಾಲರು ಫ್ರಿಜ್ಜನ್ನು ಇಳಿಸಿ, ಹೊತ್ತು ನಡೆದು, ಮೊದಲಿದ್ದ ಮೂಲೆಯಲ್ಲೇ ನಿಲ್ಲಿಸಿದರು. ಭರಮಪ್ಪ ವಾಯರು ಚುಚ್ಚಿ, ಬಾಗಿಲಿಗೆ ಕಿವಿ ಹಚ್ಚಿ, ಗುಂಯ್ ಎಂಬ ಸಪ್ಪಳ ಕೇಳಿದ ಮೇಲೆ ಹೊರಗೆ ಬಂದ.

“ಇನ್ನರೆ ರಸ್ತಾ ಬಿಡಸ್ರಿ,” ಎಂದರು ಗುರುಪುತ್ರಪ್ಪನವರು.

“ಬಿಡಸ್ತೀನ್ರೀ. ಏರಿಸಿ ಇಳಿಸಿದ ಫ್ರಿಜ್ಜು, ಖರೇ ಥಣ್ಣಗ ಆಗ್ತೈತೋ ಇಲ್ಲೋ ನೋಡಬೇಕು. ಎರಡ ತಾಸು ಹಿಡೀತೈತಿ,” ಎಂದು ಭರಮಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿದ. “ಬರ್ರಿ, ಕುಂದರ್ರಿ.”

ಕಾರ್ಯದರ್ಶಿಯವರು ಕುಳಿತರು.